ಬಿಳಿ ಮುಚ್ಚಳದ ಡಬ್ಬಿ

ಡಬ್ಬಿ ಅಕ್ಕನ ಬಗ್ಗೆ ನಮ್ಮ ತರಬೇತಿ ಕೇಂದ್ರದಲ್ಲಿ ಒಂದು ಮಾತು ಈಗಲೂ ಚಾಲ್ತಿಯಲ್ಲಿದೆ. ಇಪ್ಪತ್ತಾರು ನಾಯಿಗಳನ್ನು ಪಳಗಿಸಿ ರೋಗಿಗಳ ಮನೆಗೆ ಕಳಿಸಿದವಳು, ಒಂದೇ ಒಂದು ನಾಯಿ ಅವಳಿಗೆ ಕೈಕೊಟ್ಟಿತು, ಅದರ ಹೆಸರು ಗುಮಾಸ್ತ ಅಂತ. ಹೊಸದಾಗಿ ಸೇರಿದವರಿಗೆ ಹಳಬರು ಇದನ್ನು ಹೇಳುವಾಗಲೆಲ್ಲ ನನ್ನ ಪಿತ್ತ ನೆತ್ತಿಗೇರುತ್ತದೆ. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ನಿಜ ಹೇಳಿದರೆ ನೋಯುವವರು ಒಬ್ಬರಿದ್ದರು. ಅವರು ಹೋದ ವರ್ಷ ತೀರಿಕೊಂಡರು. ಇನ್ನು ಹೇಳಬಹುದು.

ನಾನು ಆ ಕೇಂದ್ರದ ವ್ಯಾನ್ ಡ್ರೈವರ್. ನಾಯಿಗಳ ವಿದ್ಯೆ ನನಗೆ ಎಳ್ಳಷ್ಟೂ ಗೊತ್ತಿಲ್ಲ. ಅದಕ್ಕೇ ಪರೀಕ್ಷೆಯ ದಿನ ಅಂಕ ಬರೆಯಲು ನನ್ನನ್ನು ಕೂರಿಸುತ್ತಿದ್ದರು. ಏನೂ ಗೊತ್ತಿಲ್ಲದವನು ಪಕ್ಷಪಾತ ಮಾಡುವುದಿಲ್ಲ ಎಂದು ಅಕ್ಕ ನಗುತ್ತಿದ್ದಳು.

ಅಕ್ಕ ಕೇಂದ್ರಕ್ಕೆ ಬಂದದ್ದು ಬಾಟಲಿ ತೊಳೆಯಲು. ಅದಕ್ಕೂ ಮುಂಚೆ ಒಂದು ಶಾಲೆಯ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಗಾಜು ತೊಳೆದಿದ್ದಳು. ಸೇರಿದ ಎರಡನೇ ವಾರವೇ, ನಾಯಿಗಳು ಮಂಗಳವಾರ ಮಾತ್ರ ಯಾಕೆ ತಪ್ಪು ಮಾಡುತ್ತವೆ ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ಮೂಲೆಯಲ್ಲಿ ಡಬ್ಬಿ ಒರೆಸುತ್ತಿದ್ದ ಇವಳು ಹಿರಿಯ ತರಬೇತುದಾರನ ಕಡೆ ನೋಡಿ, ಮಂಗಳವಾರ ನೀವು ಗಡ್ಡ ಮಾಡಿಕೊಂಡು ಬರುತ್ತೀರಿ, ಆ ಸೋಪಿನ ವಾಸನೆ ಡಬ್ಬಿಗೆಲ್ಲ ಹತ್ತುತ್ತದೆ ಎಂದಳು. ಆತ ಕೆಂಡವಾದ. ಆದರೆ ಮಾತು ಸರಿಯಿತ್ತು. ವರ್ಷ ತುಂಬುವುದರೊಳಗೆ ಅವಳ ಕೈಗೇ ನಾಯಿ ಕೊಟ್ಟರು.

ಅಂದಿನಿಂದ ಅವಳು ಪರಿಮಳದ ಸೋಪು ಮುಟ್ಟಲಿಲ್ಲ. ತಲೆಗೆ ಎಣ್ಣೆಯಿಲ್ಲ, ಮುಖಕ್ಕೆ ಪೌಡರಿಲ್ಲ, ಕೆಲಸದ ದಿನ ಈರುಳ್ಳಿ ಹೆಚ್ಚುವುದಿಲ್ಲ. ಸೊಸೆ ಆಸೆಪಟ್ಟು ತಂದುಕೊಟ್ಟ ಸೆಂಟು ಬಾಟಲಿ ಸೀಲು ಒಡೆಯದೆಯೇ ನನ್ನ ಹೆಂಡತಿಯ ಪಾಲಾಯಿತು. ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಅವಳ ಗಂಡ, ನನ್ನ ಹೆಂಡತಿ ಮನೆಗೆ ಬಂದದ್ದು ಗೊತ್ತಾಗಬೇಕಾದರೆ ಬಾಗಿಲೇ ಸದ್ದು ಮಾಡಬೇಕು ಎನ್ನುತ್ತಿದ್ದ.

ನಮ್ಮ ಕೆಲಸವನ್ನು ಸ್ವಲ್ಪ ಹೇಳಬೇಕು. ಸಕ್ಕರೆ ಕಾಯಿಲೆಯ ಮಕ್ಕಳಿರುತ್ತಾರೆ, ದಿನಾ ಸೂಜಿ ಚುಚ್ಚಿಸಿಕೊಳ್ಳುವವರು. ಕೆಲವರಿಗೆ ರಕ್ತದಲ್ಲಿ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ನಿದ್ದೆಯಲ್ಲಿ ಕುಸಿದರೆ ಮಗುವಿಗೂ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದ ತಾಯಿಗೂ ಗೊತ್ತಾಗುವುದಿಲ್ಲ. ಆ ಹೊತ್ತಿಗೆ ಬೆವರಿನ ವಾಸನೆ ಒಂದಿಷ್ಟು ಬದಲಾಗುತ್ತದೆ, ಅದು ನಾಯಿಯ ಮೂಗಿಗೆ ಸಿಗುತ್ತದೆ. ಹಾಗಾಗಿ ಮಗುವಿಗೆ ಸಕ್ಕರೆ ಕುಸಿದಾಗ ತಾಯಿ ಅದರ ಕುತ್ತಿಗೆ, ಅಂಗೈ ಒರೆಸಿ ಆ ಹತ್ತಿಯನ್ನು ಗಾಜಿನ ಡಬ್ಬಿಗೆ ಹಾಕಿ ಕೆಂಪು ಮುಚ್ಚಳ ಹಾಕಬೇಕು. ಮಗು ಚೆನ್ನಾಗಿದ್ದಾಗ ಒರೆಸಿದ ಹತ್ತಿಗೆ ಬಿಳಿ ಮುಚ್ಚಳ. ಮೇಲೆ ತಾರೀಖು ಬರೆದು ಫ್ರೀಜರಿನಲ್ಲಿ ಇಡಬೇಕು. ನಾನು ಐಸ್ ಪೆಟ್ಟಿಗೆಯಲ್ಲಿ ತರುತ್ತಿದ್ದೆ. ನಾಯಿ ಆರು ತಿಂಗಳು ಆ ಡಬ್ಬಿಗಳಲ್ಲೇ ಮಗುವನ್ನು ಕಲಿಯುತ್ತದೆ. ಕೆಂಪು ಡಬ್ಬಿಯ ವಾಸನೆ ಬಂದರೆ ಎದುರಿಗೆ ಕೂತವರ ಮೊಣಕಾಲ ಮೇಲೆ ಕಾಲಿಡಬೇಕು. ಅವರು ಏಳುವವರೆಗೆ ಬಿಡಬಾರದು, ಬೈದರೂ ಬಿಡಬಾರದು. ಬಿಳಿ ಡಬ್ಬಿಗೆ ಸುಮ್ಮನಿರಬೇಕು.

ಅಕ್ಕನದು ಎರಡೇ ಕಟ್ಟುಪಾಡು. ನಾಯಿ ಸರಿ ಮಾಡಿದ ತಕ್ಷಣ, ಕಣ್ಣು ಮಿಟುಕಿಸುವಷ್ಟರಲ್ಲಿ ಬಿಸ್ಕತ್ತು ಬಾಯಿಗೆ ಬೀಳಬೇಕು. ತಡವಾದರೆ ಅದು ಬರೀ ಬಿಸ್ಕತ್ತು, ಯಾವುದಕ್ಕೆ ಎಂದು ನಾಯಿಗೆ ತಿಳಿಯುವುದಿಲ್ಲ. ಎರಡನೆಯದು, ಸರಿ ಮಾಡಿದ ನಾಯಿಗೆ ಯಾವತ್ತೂ 'ಇಲ್ಲ' ಅನ್ನಬಾರದು. ಹೊಸ ತರಬೇತುದಾರನೊಬ್ಬ ಒಮ್ಮೆ ಮೈಮರೆತು ಅಂದಾಗ ಅಕ್ಕ ಅವನನ್ನು ಒಂದು ವಾರ ನಾಯಿಯ ಹತ್ತಿರ ಬಿಡಲಿಲ್ಲ. ಅದು ತನ್ನ ಮೂಗನ್ನೇ ನಂಬದ ಹಾಗೆ ಮಾಡಿಬಿಟ್ಟೆಯಲ್ಲ ಎಂದು ಅವನಿಗೆ ಮುಖಕ್ಕೆ ಹೊಡೆದಂತೆ ಹೇಳಿದ್ದಳು.

ಗುಮಾಸ್ತ ಕಂದು ಬಣ್ಣದ, ಜೋಲು ಕಿವಿಯ ನಾಯಿ. ಯಾರು ಒಳಗೆ ಬಂದರೂ ಅರ್ಜಿ ಎಲ್ಲಿ ಎನ್ನುವ ಹಾಗೆ ಮುಖ ನೋಡುತ್ತಿದ್ದುದರಿಂದ ಆ ಹೆಸರು. ನಾವು ಯಾರೂ ಅವನನ್ನು 'ಅದು' ಎನ್ನುತ್ತಿರಲಿಲ್ಲ. ಅವನು ಹೋಗಬೇಕಿದ್ದದ್ದು ಎಂಟು ವರ್ಷದ ಒಂದು ಹುಡುಗಿಯ ಮನೆಗೆ. ತಾಯಿ ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ತಾಯಿ ಮಗಳು ಇಬ್ಬರೇ. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಒಂದರ ತುಂಬಾ ನೀಲಿ ಬಟ್ಟೆಯ ಥಾನು, ಇನ್ನೊಂದರಲ್ಲಿ ಮಂಚ, ಫ್ರೀಜರು, ಹೊಲಿಗೆ ಮಷಿನ್ನು. ಹುಡುಗಿಯ ದನಿ ಸಣ್ಣ, ರಾಗ ಉದ್ದ. ಅವರಮ್ಮ ಅವಳನ್ನು ಪಿಟೀಲು ಎಂದೇ ಕರೆಯುತ್ತಿದ್ದಳು, ನಾನೂ ಹಾಗೇ ಕರೆದೆ.

ಡಬ್ಬಿ ತರಲು ಹೋದಾಗಲೆಲ್ಲ ಪಿಟೀಲು ನನ್ನನ್ನು ಬಾಗಿಲಲ್ಲೇ ತಡೆದು ವಿಚಾರಣೆ ನಡೆಸುತ್ತಿದ್ದಳು. ಪರೀಕ್ಷೆ ಪಾಸಾಗುವವರೆಗೆ ನಾಯಿಯನ್ನು ತೋರಿಸುವಂತಿರಲಿಲ್ಲ. ಒಮ್ಮೆ ಕೇಳಿದಳು, "ಮಾಮ, ನಾನು ನಾರ್ತೀನಾ?"

"ಯಾಕೆ?"

"ಮತ್ತೆ ಅವನು ದಿನಾ ನನ್ನ ಮೂಸ್ತಾನಲ್ಲ. ನನಗೆ ಅವನು ಗೊತ್ತೇ ಇಲ್ಲ, ಅವನಿಗೆ ಮಾತ್ರ ನಾನು ಪೂರ್ತಿ ಗೊತ್ತು. ಇದು ಮೋಸ."

ನ್ಯಾಯವೇ. ನಾನು ಕದ್ದು ಗುಮಾಸ್ತನ ಒಂದು ಫೋಟೋ ಕೊಟ್ಟೆ. ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳಂತೆ.

ಪರೀಕ್ಷೆಯಲ್ಲಿ ಇಪ್ಪತ್ತು ಡಬ್ಬಿ. ಪರದೆಯ ಹಿಂದೆ ಒಬ್ಬರು ಒಂದೊಂದಾಗಿ ತೆರೆಯುತ್ತಾರೆ, ಪರದೆಯ ಈಚೆ ಅಕ್ಕ ಕುರ್ಚಿಯಲ್ಲಿ, ಕಾಲ ಬಳಿ ನಾಯಿ. ಹತ್ತೊಂಬತ್ತು ಸರಿಯಾಗಬೇಕು. ಗುಮಾಸ್ತನಿಗೆ ಹದಿನೆಂಟು ಬಂತು. ಒಂದು ಕೆಂಪು ಡಬ್ಬಿಗೆ ಸುಮ್ಮನೆ ಕೂತ, ಒಂದು ಬಿಳಿ ಡಬ್ಬಿಗೆ ಕಾಲಿಟ್ಟ. ಬರೆದವನು ನಾನೇ. ಒಂದು ಅಂಕ ತಾನೇ, ಕಳಿಸಿಬಿಡೋಣ ಎಂದು ಮೇಲ್ವಿಚಾರಕರು ಹೇಳಿದರು. ಅಕ್ಕ ಒಪ್ಪಲಿಲ್ಲ. ಆ ಕೆಂಪು ಡಬ್ಬಿ ಡಬ್ಬಿಯಲ್ಲ, ಮಗು ಮಲಗಿರೋ ಒಂದು ರಾತ್ರಿ ಎಂದಳು. ತಾಯಿಗೆ ಫೋನು ಮಾಡಿ ಇನ್ನು ಹದಿನೈದು ದಿನ ಕಾಯಲು ಕೇಳಿಕೊಂಡಳು. ತಾಯಿ ಮರುಮಾತಾಡದೆ ಆಗಲಿ ಎಂದಳಂತೆ.

ಹನ್ನೆರಡನೇ ದಿನ ಬೆಳಗ್ಗೆ ಆಕೆ ಮಗಳನ್ನು ಶಾಲೆಗೆ ಎಬ್ಬಿಸಲು ಹೋದಳು. ಪಿಟೀಲು ಏಳಲಿಲ್ಲ.

ಸುದ್ದಿ ಬಂದಾಗ ಅಕ್ಕ ಡಬ್ಬಿ ತೊಳೆಯುತ್ತಿದ್ದಳು. ಕೇಳಿಸಿಕೊಂಡು ನಲ್ಲಿ ನಿಲ್ಲಿಸಿದಳು. ನಾನು ವ್ಯಾನಿನಲ್ಲಿ ಹೋಗಿ ಕೂತು ಗಟ್ಟಿಯಾಗಿ ಅತ್ತೆ. ಎಷ್ಟೋ ಮನೆಗಳಿಗೆ ಐಸ್ ಪೆಟ್ಟಿಗೆ ಹೊತ್ತವನು ನಾನು, ಯಾವ ಮಗುವಿನ ಜೊತೆಗೂ ಅಷ್ಟು ಮಾತಾಡಿರಲಿಲ್ಲ.

ಮೂರು ವಾರ ಕಳೆದಿರಬೇಕು. ಅಕ್ಕ ನನ್ನನ್ನು ಫ್ರೀಜರಿನ ಕೋಣೆಗೆ ಕರೆದು, ಐಸ್ ಪೆಟ್ಟಿಗೆಯನ್ನು ದಾರಿಯಲ್ಲಿ ಯಾವತ್ತಾದರೂ ತೆರೆದಿದ್ದೆಯಾ, ಮುಚ್ಚಳ ಮುಟ್ಟಿದ್ದೆಯಾ ಎಂದು ಕೇಳಿದಳು. ನನಗೆ ರೇಗಿಹೋಯಿತು. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಪೆಟ್ಟಿಗೆಯ ಬೀಗ ಮುಟ್ಟಿದವನಲ್ಲ, ಮನೆಯವರೇ ಡಬ್ಬಿ ತುಂಬಿ ಬೀಗ ಒತ್ತುತ್ತಾರೆ, ಕೀಲಿಕೈ ನಿನ್ನ ಸೊಂಟದಲ್ಲೇ ಇರುತ್ತದೆ, ನನ್ನ ಮೇಲೆ ಗೂಬೆ ಕೂರಿಸಬೇಡ ಎಂದು ಕೂಗಾಡಿದೆ. ಅವಳು ಕೋಪಿಸಿಕೊಳ್ಳಲಿಲ್ಲ.

"ನನಗೂ ಗೊತ್ತು. ಆದ್ರೂ ನೀನೇ ಆಗಿರಲಿ ಅಂತ ಆಸೆಯಾಯ್ತು," ಎಂದಳು.

ಆಮೇಲೆ ತೋರಿಸಿದಳು. ಗುಮಾಸ್ತ ತಪ್ಪಿದ ಆ ಎರಡು ಡಬ್ಬಿಗಳನ್ನು ಅವಳು ಮತ್ತೆ ಮತ್ತೆ ಅವನ ಮುಂದೆ ತೆರೆದಿದ್ದಳು. ಹತ್ತಕ್ಕೆ ಹತ್ತು ಸಲವೂ ಅದೇ ಬಿಳಿಗೆ ಕಾಲಿಟ್ಟಿದ್ದ, ಅದೇ ಕೆಂಪಿಗೆ ಸುಮ್ಮನಿದ್ದ. ಎರಡರ ಮೇಲೂ ಒಂದೇ ತಾರೀಖು, ತಾಯಿಯದೇ ಅಕ್ಷರ. ಮುಚ್ಚಳ ಅದಲುಬದಲಾಗಿತ್ತು. ಗುಮಾಸ್ತನಿಗೆ ಇಪ್ಪತ್ತಕ್ಕೆ ಇಪ್ಪತ್ತು ಬಂದಿತ್ತು. ಅವತ್ತೇ ಅವನನ್ನು ಕಳಿಸಬಹುದಿತ್ತು.

ನಾಯಿಯನ್ನು ನಂಬು ಎಂದು ಊರಿಗೆಲ್ಲ ಪಾಠ ಹೇಳಿದವಳು ಒಮ್ಮೆ ಮಾತ್ರ ಮುಚ್ಚಳವನ್ನು ನಂಬಿದ್ದಳು. ಹೆತ್ತವಳು ಹಾಕಿದ ಮುಚ್ಚಳ, ಯಾರು ತಾನೇ ಅನುಮಾನಿಸುತ್ತಾರೆ? ಈ ವಿಷಯ ನಮ್ಮಿಬ್ಬರಲ್ಲೇ ಇರಲಿ, ಆ ತಾಯಿಯ ಕಿವಿಗೆ ಬಿದ್ದರೆ ಆಕೆ ಉಳಿಯುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಮುಂದಿನ ವಾರವೇ ತಾಯಿ ಬಂದಳು. ಫೋನು ಮಾಡಿರಲಿಲ್ಲ. ಭುಜದ ಮೇಲೆ ನೀಲಿ ದಾರದ ಎಳೆಗಳು ಹಾಗೇ ಇದ್ದವು. ಮಗಳ ಹತ್ತಿಯ ಡಬ್ಬಿಗಳು ಉಳಿದಿದ್ದರೆ ಕೊಡಿ, ಆ ನಾಯಿಯನ್ನು ಒಂದು ಸಲ ತೋರಿಸಿ ಎಂದಳು. ಅಕ್ಕ ಒಂದು ಕ್ಷಣ ನನ್ನ ಕಡೆ ನೋಡಿದಳು. ಇಲ್ಲ ಎನ್ನಲು ಅವಳಿಂದ ಆಗಲಿಲ್ಲ. ಯಾರಿಂದ ಆದೀತು? ನಾನು ಉಳಿದಿದ್ದ ಹನ್ನೊಂದು ಡಬ್ಬಿಗಳನ್ನು ತಟ್ಟೆಯಲ್ಲಿಟ್ಟು ತಂದೆ. ಆ ಎರಡನ್ನು ತೆಗೆದಿಡಬೇಕೆಂದು ನನ್ನ ಮಂಡೆಗೆ ಹೊಳೆಯಲಿಲ್ಲ. ಆ ಮರೆವಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಗುಮಾಸ್ತ ಬಂದು ಅಕ್ಕನ ಕಾಲ ಬಳಿ ಕೂತು, ಹೊಸಬಳ ಮುಖ ನೋಡಿದ. ಎದುರಿನ ಕುರ್ಚಿಯಲ್ಲಿ ಕೂತಿದ್ದ ತಾಯಿ ಅವನನ್ನು ಮುಟ್ಟಲಿಲ್ಲ. ಫೋಟೋದಲ್ಲಿ ಇನ್ನೂ ಸಣ್ಣವನಿದ್ದ ಎಂದಷ್ಟೇ ಅಂದಳು. ಆಮೇಲೆ ತಟ್ಟೆಯಿಂದ ಕೈಗೆ ಸಿಕ್ಕ ಬಿಳಿ ಡಬ್ಬಿಯೊಂದನ್ನು ಎತ್ತಿ, ಮುಚ್ಚಳ ತಿರುಗಿಸಿ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಮನುಷ್ಯರ ಮೂಗಿಗೆ ಅದರಲ್ಲಿ ಏನೂ ಇರುವುದಿಲ್ಲ.

ಗುಮಾಸ್ತ ಎದ್ದ. ನೆಟ್ಟಗೆ ತಾಯಿಯ ಬಳಿಗೆ ಹೋಗಿ ಅವಳ ಮೊಣಕಾಲ ಮೇಲೆ ಕಾಲಿಟ್ಟ.

ತಾಯಿ ಕಣ್ಣು ಬಿಟ್ಟು ಅವನನ್ನು ನೋಡಿದಳು, ಕೈಯಲ್ಲಿದ್ದ ಮುಚ್ಚಳ ನೋಡಿದಳು.

"ಇದು ಬಿಳಿ ಅಲ್ವಾ? ಅವಳು ಚೆನ್ನಾಗಿದ್ದಾಗ ತೆಗೆದಿದ್ದು?"

ಹೌದು ಎಂದು ಅಕ್ಕ ತಲೆಯಾಡಿಸಿದಳು.

"ಮತ್ತೆ ಇವನು ಯಾಕೆ ಕಾಲಿಡ್ತಿದಾನೆ?"

ತಾಯಿ ಡಬ್ಬಿಯನ್ನು ತಿರುಗಿಸಿ ತಾರೀಖು ಓದಿದಳು. ಅವಳ ಹುಬ್ಬು ಗಂಟಿಕ್ಕಿತು.

"ಇದು ಯೂನಿಫಾರಂ ಕೊಡೋ ದಿನ. ಬೆಳಗ್ಗೆ ಒರೆಸಿದ್ದು ಸಿಂಕ್ ಹತ್ರ ಮುಚ್ಚದೇನೇ ಇತ್ತು. ಮಧ್ಯಾಹ್ನ ಅವಳಿಗೆ ಇದ್ದಕ್ಕಿದ್ದಂಗೆ ಕಡಿಮೆ ಆಯ್ತು. ಆ ಗಾಬರೀಲಿ ಎರಡೂ ಒಟ್ಟಿಗೆ ಮುಚ್ಚಿದೆ..." ಅಲ್ಲಿಗೆ ನಿಲ್ಲಿಸಿ ಅಕ್ಕನ ಮುಖ ನೋಡಿದಳು. "ನಾನೇನಾದ್ರೂ..."

"ಇಲ್ಲಮ್ಮ," ಅಕ್ಕ ತಡೆದಳು. "ನೀವು ಕಳಿಸಿದ್ದು ಎಲ್ಲಾ ಸರಿಯಾಗೇ ಇತ್ತು. ಇವನು ತಪ್ಪು ಮಾಡ್ತಾನೆ. ಅವತ್ತೂ ಇದೇ ತಪ್ಪು ಮಾಡಿದ. ಕಲಿಸಿದ್ದು ನಾನು, ತಪ್ಪು ನಂದು."

ಗುಮಾಸ್ತ ಕಾಲು ತೆಗೆದಿರಲಿಲ್ಲ. ಬಿಸ್ಕತ್ತಿಗಾಗಿ ಒಮ್ಮೆ ಅಕ್ಕನ ಕಡೆ ನೋಡಿದ. ಅಕ್ಕ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು, "ಇಲ್ಲ."

ಅವನು ಇನ್ನೊಂದು ಕಾಲನ್ನೂ ತಾಯಿಯ ತೊಡೆಯ ಮೇಲಿಟ್ಟ. ಯಾರು ಬೈದರೂ ಬಿಡಬಾರದು ಎಂದು ಆರು ತಿಂಗಳು ಕಲಿತಿದ್ದನಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ ಮಾತು: ಏಳು, ನಿನ್ನ ಮಗು ಕುಸಿಯುತ್ತಿದೆ. ಅದನ್ನು ಹೇಳಬೇಕಾದವಳಿಗೇ ಹೇಳುತ್ತಿದ್ದ, ತಡವಾಗಿದೆ ಎಂದು ಅವನಿಗೇನು ಗೊತ್ತು. ಅಕ್ಕ ಎದ್ದು ಕೊರಳಪಟ್ಟಿ ಹಿಡಿದು ಅವನನ್ನು ಎಳೆದು ಕೆಳಗಿಳಿಸಿದಳು. "ಇಲ್ಲ," ಎಂದಳು ಮತ್ತೆ, ಈ ಸಲ ಗದರಿಸಿ. ಅವನು ಬಾಲ ಮುದುರಿಕೊಂಡು ನೆಲಕ್ಕೆ ಅಂಟಿಕೊಂಡ.

ತಾಯಿಯ ಹುಬ್ಬು ಸಡಿಲವಾಯಿತು. ಆ ಜಾಗಕ್ಕೆ ಸಿಟ್ಟು ಬಂದು ಕೂತಿತು. ನಿಮಗೆ ಸರಿಯಾಗಿ ಕಲಿಸಲು ಬಂದಿದ್ದರೆ ನನ್ನ ಮಗಳು ಇರುತ್ತಿದ್ದಳು ಎಂದಳು. ಹದಿನೈದು ದಿನ, ಹದಿನೈದು ದಿನ ಎಂದು ಅದನ್ನೇ ಹೇಳಿದಳು. ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು.

"ನಿಮ್ಮನ್ನ ನಾನು ಯಾವತ್ತೂ ಕ್ಷಮಿಸಲ್ಲ."

"ಕ್ಷಮಿಸಬೇಡಿ," ಎಂದಳು ಅಕ್ಕ.

ನಾನು ಆಕೆಯನ್ನು ವ್ಯಾನಿನಲ್ಲಿ ಮನೆಗೆ ಬಿಟ್ಟೆ. ಹನ್ನೊಂದು ಡಬ್ಬಿಗಳ ಪೆಟ್ಟಿಗೆಯನ್ನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡಿದ್ದಳು. ಆಮೇಲೂ ಆಕೆ ಹಲವು ವರ್ಷ ಬದುಕಿದಳು, ಹೊಲಿದಳು, ಅಕ್ಕನನ್ನು ಸಿಕ್ಕಸಿಕ್ಕವರೆದುರು ಶಪಿಸಿದಳು. ಅದು ಅಕ್ಕನ ಕಿವಿಗೂ ಬೀಳುತ್ತಿತ್ತು. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು. ಗುಮಾಸ್ತ ಮಾತ್ರ ಆ ದಿನದ ನಂತರ ಯಾವ ಡಬ್ಬಿ ತೆರೆದರೂ ಮೊದಲು ಅಕ್ಕನ ಮುಖ ನೋಡುತ್ತಿದ್ದ, ಕಾಲು ಎತ್ತುತ್ತಿರಲಿಲ್ಲ. ಅಪ್ಪಣೆ ಕೇಳುವ ನಾಯಿ ಈ ಕೆಲಸಕ್ಕೆ ಬರುವುದಿಲ್ಲ. ಕಡತದಲ್ಲಿ 'ಅನರ್ಹ' ಎಂದು ಬರೆದರು, ಅಕ್ಕ ಅವನನ್ನು ತನ್ನ ಮನೆಗೆ ಕರೆದೊಯ್ದಳು. ಸಾಯುವವರೆಗೂ ಅಲ್ಲೇ ಇದ್ದ.

ಅವತ್ತು ನಾನು ತಾಯಿಯನ್ನು ಬಿಟ್ಟು ಮರಳಿದಾಗ ಅಕ್ಕ ಕುರ್ಚಿಯಲ್ಲಿರಲಿಲ್ಲ. ಗುಮಾಸ್ತನ ಗೂಡಿನೊಳಗೆ, ಸಿಮೆಂಟು ನೆಲದ ಮೇಲೆ, ಬಿಸ್ಕತ್ತಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಂದೊಂದಾಗಿ ತೆಗೆದು ಅವನ ಬಾಯಿಗೆ ಕೊಡುತ್ತಿದ್ದಳು. ಪ್ರತಿ ಬಿಸ್ಕತ್ತಿಗೂ, ಸರಿಯಾಗೇ ಹೇಳಿದೆ ಮರಿ, ಸರಿಯಾಗೇ ಹೇಳಿದೆ ಎನ್ನುತ್ತಿದ್ದಳು. ಅವನು ಸುಮ್ಮನೆ ತಿನ್ನುತ್ತಿದ್ದ.

"ಅಕ್ಕಾ, ಈಗ ಕೊಟ್ರೆ ಅವನಿಗೆ ಯಾವುದಕ್ಕೆ ಅಂತ ಗೊತ್ತಾಗುತ್ತಾ?" ಎಂದು ಕೇಳಿದೆ.

"ಇಲ್ಲ, ಗೊತ್ತಾಗಲ್ಲ," ಎಂದಳು. ಡಬ್ಬಕ್ಕೆ ಕೈ ಹಾಕಿ ಇನ್ನೊಂದು ತೆಗೆದಳು.