ಮೊಳಿಗೆ ಹಾಕಿದ ಇಂಗ್ಲಿಷ್ ಸಾಹಿತ್ಯದ ಇತಿಹಾಸ

ಇಂಗ್ಲಿಷ್ ಸಾಹಿತ್ಯದ ಇತಿಹಾಸದಾಗ ನಾ ಒಮ್ಮೆ ಫೇಲ್ ಆದಾಕಿ. ಮುಚ್ಚಿ ಇಟ್ಟು ಏನ್ ಮಾಡೂದೈತಿ? ಇವತ್ತ ಅದನ್ನ ಕಲಸೂದ ನನ್ನ ಕೆಲಸ, ನನ್ನ ಕ್ಲಾಸಿನ ಹುಡುಗೂರಿಗೂ ಇದು ಗೊತ್ತೈತಿ. ಬಾಗಲಕೋಟಿ ಹೊಸಾ ಜಿಲ್ಲಾ ಆಗಿ ನಾಕೈದು ವರ್ಷ ಆಗಿತ್ತು. ನಂದು ಬಿ.ಎ. ಕಡೀ ವರ್ಷ. ರಬಕವಿಯಿಂದ ಜಮಖಂಡಿ ಕಾಲೇಜಿಗೆ ದಿನಾ ಬಸ್ಸಿನ್ಯಾಗ ನಿಂತು ಹೋಗಿ ನಿಂತು ಬರಾಕಿ.

ನಮ್ಮ ಇಂಗ್ಲಿಷ್ ಸರ್ ಬೀಳಗಿ ಕಡಿಯವ್ರು. ಅವರ ಊರು ಡ್ಯಾಮಿನ ಹಿನ್ನೀರಾಗ ಹೋಗಿತ್ತು. ಅದಕ್ಕೋ ಏನೋ, ಯಾವುದಾದ ಮ್ಯಾಲ ಯಾವುದು ಬಂತು ಅನ್ನೂದರ ಮ್ಯಾಲ ಅವ್ರಿಗೆ ಭಾಳ ಜೀವ. ನಾ ಫೇಲ್ ಆದ ಮ್ಯಾಲ ಕರದು, "ಪರೀಕ್ಷಾದಾಗ ಏನ್ ಬರದಿದ್ದಿ ತಂಗಿ, ಹೇಳು ನೋಡೂನು" ಅಂದ್ರು. ಹೇಳಿದ್ನಿ. ಖರೇ ನಡದದ್ದು ಅಂದ್ರ, ಇಂಗ್ಲಿಷರ ದೇಶದಾಗ ಒಂದು ಕಾಲಕ್ಕ ಕಟ್ಟಾ ಮಡಿವಂತರ ಕೈಗೆ ರಾಜ್ಯ ಸಿಕ್ಕು, ನಾಟಕ ಅಂದ್ರ ಪಾಪ ಅಂತ ಹೇಳಿ ಹದಿನೆಂಟು ವರ್ಷ ಎಲ್ಲಾ ನಾಟಕದ ಮನಿ ಬಂದ್ ಮಾಡ್ಸಿದ್ರು. ಆಮ್ಯಾಲ ರಾಜಾ ತಿರುಗಿ ಬಂದು ತಗಸಿದ. ನಾ ಪೇಪರಿನ್ಯಾಗ ಮೊದಲ ತಗಸಿ, ಆಮ್ಯಾಲ ಬಂದ್ ಮಾಡ್ಸಿದ್ನಿ.

ಸರ್ ತಲಿ ಹಿಡಕೊಂಡು ಕುಂತ್ರು. "ಮುಚ್ಚದ ಬಾಗಲಾ ಹೆಂಗ ತಗದೀ ನಮ್ಮವ್ವಾ?"

ಮನ್ಯಾಗ ಅವ್ವ ಇಷ್ಟು ಸಮಾಧಾನದಾಕಿ ಅಲ್ಲ. "ಇನ್ನೊಂದ ಸಲ ಬರಿ. ಪಾಸಾದ್ರ ಧಾರವಾಡಕ್ಕ ಹೋಗಿ ಮುಂದ ಓದು, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಂದ್ರ ಬನಹಟ್ಟಿ." ಬನಹಟ್ಟಿ ಅಂದ್ರ ಒಂದು ವರ. ಎಂಟು ಪಾವರ್‌ಲೂಮಿನ ಮನಿ. ಆ ವರನ ತಾಯಿ ನನ್ನ ನೋಡಾಕ ಬಂದಾಗ ಹೆಸರ ಕೇಳ್ಲಿಲ್ಲ, ಏನ್ ಓದಿ ಅಂತನೂ ಕೇಳ್ಲಿಲ್ಲ. ನನ್ನ ಕೈ ತಿರುವ್ಯಾಡಿ ನೋಡಿ, "ಕಂಡಿಕಿ ಲಗೂ ಸುತ್ತತೀ ಏನವಾ?" ಅಂದಿದ್ಲು. ಕಂಡಿಕಿ ಅಂದ್ರ ಲಾಳಿಯೊಳಗ ಇಡೂ ನೂಲಿನ ಕಡ್ಡಿ. ನಾ ಲಗೂನ ಸುತ್ತತಿದ್ನಿ, ಅದ ನನ್ನ ಕರ್ಮ. ಆಕಿ ಮುಖದ ಮ್ಯಾಲ ಬಂದ ಖುಷಿ ನೋಡಿ ನಾ ಎರಡೂ ಕೈ ಹಿಂದ ಕಟಗೊಂಡ್ನಿ.

ನಮ್ಮವು ಎರಡ ಮಗ್ಗ, ಪಡಸಾಲ್ಯಾಗ. ಹೊತ್ತು ಹೊಂಟಾಗ ಚಾಲೂ ಆದ್ರ ಕರೆಂಟ್ ಹೋಗೂತನಕ ಖಟಾಖಟ ಖಟಾಖಟ. ಅದಕ್ಕ ನಮ್ಮ ಮನ್ಯಾಗ ಮಾತು ಅಂದ್ರ ಒದರಾಟ, ಇಲ್ಲಾಂದ್ರ ಕೈಸನ್ನಿ. ನಾನೂ ಓದೂದು ಹಂಗ. ಕಂಡಿಕಿ ಸುತಗೋತ, ಪುಸ್ತಕ ಮೊಣಕಾಲ ಮ್ಯಾಲ ಇಟಗೊಂಡು, ಓಣಿಗೆ ಕೇಳೂ ಹಂಗ ಒದರಿ ಓದಾಕಿ. ಹಳೇ ಕಾಲದ ದುರಂತ ನಾಟಕಗಳ ಕತಿ ಎಲ್ಲಾ ಅವ್ವಗ ಬಾಯಿಪಾಠ ಆಗಿದ್ವು. ಒಂದರಾಗ ಒಬ್ಬ ರಾಜಾ ಗೊತ್ತಿಲ್ಲದ ಹೆತ್ತ ತಾಯಿನ್ನ ಮದವಿ ಆಗಿರತಾನ. "ಆ ರಾಜಾಗ ಒಂದ ಮಾತು ಹೇಣ್ತಿನ್ನ ಕೇಳಾಕ ಏನ್ ಧಾಡಿ ಆಗಿತ್ತು? ಅಲ್ಲಿಗೇ ಮುಗೀತಿತ್ತು" ಅಂತಿದ್ಲು. ಆ ನಾಟಕದಾಗ ಒಂದು ಮೇಳ ಇರತೈತಿ, ಎಲ್ಲಾ ನೋಡತೈತಿ, ಎಲ್ಲಾದಕ್ಕೂ ಅಯ್ಯೋ ಅಂತೈತಿ, ಆದ್ರ ನಡುವ ಹೋಗಿ ಬಿಡಸಂಗಿಲ್ಲ ಅಂತ ನಾ ತಿಳಿಸಿ ಹೇಳಿದ್ರ, "ಗೊತ್ತಾತು ಬಿಡು, ನಮ್ಮ ಓಣಿ ಮಂದಿ" ಅಂದ್ಲು. ಇಷ್ಟು ಚೊಕ್ಕ ವಿವರಣೆ ನನಗ ಯಾವ ಗೈಡಿನ್ಯಾಗೂ ಸಿಕ್ಕಿಲ್ಲ.

ಅಪ್ಪ ಮಾತಾಡಾಂವ ಅಲ್ಲ. ಆದ್ರ ನಾ ರಾಣಿ ಮಾತು ಓದಾಕತ್ರ ಮಗ್ಗದ ಕಡಿಂದ ಕೈಮಾಡಿ ನಿಲ್ಲಸಾಂವ. "ರಾಣಿ ಹಂಗ ಒದರಂಗಿಲ್ಲ. ಕುತಗಿ ಇಷ್ಟ ಎತ್ತಬೇಕು" ಅಂತ ಎತ್ತಿ ತೋರ್ಸಾಂವ. ಯಾಕಂದ್ರ ಅಪ್ಪ ಹರೇದಾಗ ಬಯಲಾಟದಾಗ ರಾಣಿ ಪಾರ್ಟ್ ಮಾಡತಿದ್ದ. ಮನಿಗೆ ಪಾವರ್‌ಲೂಮ್ ಬಂದ ಮ್ಯಾಲ ನಮ್ಮ ಅಜ್ಜ, "ಬಣ್ಣರೆ ಹಚ್ಚು, ಮಗ್ಗರೆ ನಡಸು" ಅಂದಿದ್ನಂತ. ಅಪ್ಪ ರಾಣಿ ಪಾರ್ಟಿಗಂತ ಬೋಳಸತಿದ್ದ ಮೀಸಿ ಬೆಳಸಿದ, ಮಗ್ಗ ಹಿಡದ. ಅಜ್ಜ ಸತ್ತು ಎಷ್ಟೋ ವರ್ಷ ಆದ್ರೂ ಆ ಮೀಸಿ ಹಂಗ ಇತ್ತು. ರಾಣಿ ಕಿರೀಟ ಅಟ್ಟದ ಮ್ಯಾಲ ಇತ್ತು. ಅವ್ವ ಅದರಾಗ ಖಾಲಿ ಕಂಡಿಕಿ ತುಂಬಿ ಇಟ್ಟಿದ್ಲು.

ಸರ್ ಹೇಳಿದ ಸಾಲು ತಲ್ಯಾಗ ನಿಲ್ಲಲಿ ಅಂತ ನಾ ನಮ್ಮ ಮನಿ ಪದ್ಧತಿನ ಹಿಡದ್ನಿ. ನಮ್ಮ ಕಡಿಂದ ಸೀರಿ ನೇಯಿಸೂ ಸಾವಕಾರರಿಗೆ ಹೊಸಾ ನಮೂನಿ ದಡಿ, ಅಂದ್ರ ಸೀರಿ ಅಂಚು, ಬೇಕಾದ್ರ ಒಂದು ರಟ್ಟಿನ ತುಂಡಿಗೆ ಬಣ್ಣಬಣ್ಣದ ನೂಲು ಸುತ್ತಿ ಕಳಸ್ತಾರ. ಯಾವ ಬಣ್ಣದ ಪಕ್ಕ ಯಾವ ಬಣ್ಣ, ಎಷ್ಟು ಅಗಲ, ಎಲ್ಲಾ ಅದರಾಗ ತಿಳೀತೈತಿ. ನಾನೂ ಒಂದು ರಟ್ಟು ತಗೊಂಡು ಹತ್ತು ವರ್ಷಕ್ಕ ಒಂದು ಸುತ್ತಿನಂಗ ಇಂಗ್ಲಿಷ್ ಸಾಹಿತ್ಯ ಸುತ್ತಿದ್ನಿ. ಮಠಮಂದಿ ಬರೀತಿದ್ದ ಹಳೇ ಕಾಲಕ್ಕ ಬೂದಿ ಬಣ್ಣ, ಅದು ಮುಗೀಲೇ ಇಲ್ಲ, ಬೆರಳು ನೋಯಾಕತ್ತಿದ್ವು. ಆ ದೇಶ ಒಬ್ಬ ರಾಣಿ ಆಳೂ ಕಾಲದಾಗ ನಾಟಕ ಮೆರದ್ವು ಅಂತ ಕೆಂಪು, ನಡುವ ಒಂದೆಳಿ ಜರಿ. ನಾಟಕ ಬಂದಾದ ಹದಿನೆಂಟು ವರ್ಷಕ್ಕ ಕರಿ ನೂಲು, ಎರಡ ಸುತ್ತು. ರಾಜಾ ತಿರುಗಿ ಬಂದ ಮ್ಯಾಲ ಗುಲಾಬಿ. ಅಳದು ತೂಗಿ ಪದ್ಯ ಕಟ್ಟಿದವ್ರಿಗೆ ನೀಲಿ, ಗಿಡಾ ಮರಾ ನೋಡಿ ಹಾಡಿದವ್ರಿಗೆ ಗಿಳಿಹಸರು. ಕಡೀಕ ನಮ್ಮ ಕಾಲಕ್ಕ ಎಲ್ಲಾ ಚೂರು ನೂಲು ಕೂಡ್ಸಿ ಸುತ್ತಿದ್ನಿ, ಅಲ್ಲಿ ಸರ್‌ಗೂ ಅಷ್ಟು ಸ್ಪಷ್ಟ ಇರ್ಲಿಲ್ಲ.

ಸುತ್ತಿದ್ದು ಸರಿ. ಮಾಡಿದ ತಪ್ಪು ಅಂದ್ರ, ಅದನ್ನ ಮಗ್ಗದ ಬಾಜೂ ಗ್ವಾಡಿ ಮೊಳಿಗೆ ತೂಗಹಾಕಿದ್ನಿ. ಹುಟ್ಟಿದಾಗಿಂದ ನೋಡಿದ್ದು ಅದನ್ನ, ನೂಲು ಸುತ್ತಿದ ರಟ್ಟು ಅಂದ್ರ ಆ ಮೊಳಿಗೆ. ಆ ಮೊಳಿಗೆ ಹಾಕಿದ್ದು ಅಂದ್ರ ಆರ್ಡರ್. ಯಾರು ಹಾಕಿದ್ರು, ಯಾಕ ಹಾಕಿದ್ರು ಅಂತ ಅಪ್ಪ ಕೇಳಾಂವ ಅಲ್ಲ. ಮರುದಿನ ನಾ ಮುಧೋಳಕ್ಕ ಅತ್ತಿ ಮನಿಗೆ ಹೋದ್ನಿ, ತೊಟ್ಲ ಕಾರ್ಯಕ್ಕ. ಅತ್ತಿ ಬಿಡ್ಲಿಲ್ಲ, ಹದಿನೈದು ದಿನ ಆತು.

ತಿರುಗಿ ಬಂದು ನೋಡತೇನಿ, ಮೊಳಿ ಖಾಲಿ! ಮಗ್ಗದ ಮ್ಯಾಲ ಇಂಗ್ಲಿಷ್ ಸಾಹಿತ್ಯ ಖಟಾಖಟ ನಡದೈತಿ. ದಡಿಯ ಒಂದು ತುದಿಗೆ ಮಠಮಂದಿ, ಇನ್ನೊಂದು ತುದಿಗೆ ಚೂರುನೂಲು. ಮಗ್ಗಕ್ಕ ಏರಿಸಿದ ಹಾಸುನೂಲು ಅರ್ಧ ನೇದು, ಸೀರಿ ಸಾವಕಾರಗ ಮುಟ್ಟಿ, ಜಮಖಂಡಿ ಪ್ಯಾಟಿಗೂ ಹೋಗಿದ್ವು.

"ಅಪ್ಪಾ! ಅದು ನನ್ನ ಪರೀಕ್ಷಾ!" ಅಂತ ಚಟ್ಟನ ಚೀರಿದ್ನಿ.

ಮಗ್ಗದ ಸಪ್ಪಳದಾಗ ಅಪ್ಪಗ ಏನ್ ತಿಳೀತೋ, ಹಿಗ್ಗಿ ಮೀಸಿ ಸವರಿಕೊಂಡು ತಲಿ ಹಾಕಿದ. ರಟ್ಟು ಎಲ್ಲಿ ಅಂತ ಕೈಸನ್ನಿ ಮಾಡಿದ್ನಿ. ಎಳಿ ಎಣಸಾಕ ಪೂರ್ತಿ ಬಿಚ್ಚಿ ಒಗದೇನಿ ಅಂತ ತಿರುಗಿ ಸನ್ನಿ ಮಾಡಿದ. ಅವ್ವ ಒಲಿ ಮುಂದ ಕುಂತು ಬಿದ್ದು ಬಿದ್ದು ನಗಾಕತ್ತಿದ್ಲು. ನಾ ಸಿಟ್ಟಿಗೆ ಎರಡು ದಿನ ಕಂಡಿಕಿ ಮುಟ್ಲಿಲ್ಲ, ಆ ದಡಿ ಕಡೆ ಪರೀಕ್ಷಾತನಕ ಹೊಳ್ಳಿನೂ ನೋಡ್ಲಿಲ್ಲ. ಆಮ್ಯಾಲ ಬುಕ್ಕು ಹಿಡಕೊಂಡು ಉರು ಹೊಡದ್ನಿ, ಬ್ಯಾರೆ ದಾರಿ ಏನಿತ್ತು?

ಪರೀಕ್ಷಾ ದಿನ ಜಮಖಂಡಿಯೊಳಗ ಪ್ರಶ್ನೆಪತ್ರಿಕೆ ಕೈಗೆ ಬಂತು. ಮೊದಲನೇ ಪ್ರಶ್ನೆನ, ರಾಣಿ ಕಾಲದಿಂದ ರಾಜಾ ತಿರುಗಿ ಬರೂತನಕ ನಾಟಕ ಹೆಂಗ ಬದಲಾತು ಅಂತ. ಖರೇ ಹೇಳತೇನಿ, ಉರು ಹೊಡದದ್ದೆಲ್ಲಾ ಒಮ್ಮೆಲೇ ಹಾರಿ ಹೋತು. ಕಣ್ಣ ಮುಂದ ಬನಹಟ್ಟಿ ಎಂಟು ಮಗ್ಗ ಸಾಲಾಗಿ ನಿಂತ್ವು. ಮೊದಲ ಮುಚ್ಚಿದ್ದೋ, ಮೊದಲ ತಗದದ್ದೋ? ಶಿವನ ಅಂತ ತಲಿ ಎತ್ತಿದ್ನಿ.

ಎತ್ತಿದ್ರ, ಬೆಂಚುಗಳ ನಡುವ ಇಂಗ್ಲಿಷ್ ಸಾಹಿತ್ಯದ ಇತಿಹಾಸ ಅಡ್ಡಾಡಾಕತ್ತೈತಿ! ಸೂಪರ್‌ವೈಜರ್ ಮೇಡಂ ನಮ್ಮಪ್ಪ ನೇದ ಸೀರಿ ಉಟಗೊಂಡು ಬಂದಿದ್ರು.

ನಾ ಕಣ್ಣು ಕೀಳದ ದಡಿ ನೋಡಿದ್ನಿ. ಮೇಡಂ ಬಾಜೂ ಬಂದು ನಿಂತು, "ಏನ್ ನೋಡಾಕತ್ತೀ? ಪೇಪರ್ ನೋಡು" ಅಂದ್ರು.

"ಸೀರಿ ಛಲೋ ಐತ್ರಿ ಮೇಡಂ."

"ಸುಮ್ಮನ ಬರಿ" ಅಂತ ಗದರ್ಸಿ ಎರಡು ಹೆಜ್ಜಿ ಹೋದ್ರು, ಮತ್ತ ತಿರುಗಿ ಬಂದು ಬಗ್ಗಿ, "ಇಲ್ಲೆ ಪ್ಯಾಟ್ಯಾಗ ತಗೊಂಡೇನಿ. ಹೊಸಾ ನಮೂನಿ" ಅಂತ ಪಿಸುಗುಟ್ಟಿದ್ರು.

ಅವ್ರು ಬಗ್ಗಿದಾಗ ದಡಿ ನನ್ನ ಮೂಗಿನ ಮುಂದ ಬಂತು. ಬೂದಿ, ಕೆಂಪು, ಜರಿ, ಮತ್ತ ಕೆಂಪು, ಗುಲಾಬಿ. ಕರಿ? ಕರಿ ಎಲ್ಲಿ? ನನ್ನ ಅಪ್ಪ ನಡುವಿನ ಕರಿ ನೂಲು ಹಾಕೇ ಇರ್ಲಿಲ್ಲ! ನನಗ ಎಂಥಾ ಸಿಟ್ಟು ಬಂತಂದ್ರ, ಕೆಂಪು ಮತ್ತ ಗುಲಾಬಿ ನಡುವ ಏನಿತ್ತು, ಯಾರು ಮುಚ್ಚಿಸಿದ್ರು, ಯಾಕ ಮುಚ್ಚಿಸಿದ್ರು ಅಂತ ಅಪ್ಪಗ ಜಗಳಾ ತಗದಂಗ ಬರದ್ನಿ. ಎರಡು ಸಲ ಹೆಚ್ಚಿನ ಹಾಳಿ ಇಸಗೊಂಡ್ನಿ. ಕಾಪಿ ಹೊಡದಿ ಅಂತ ಯಾರರೆ ಅಂದ್ರ ನಾ ಒಪ್ಪಂಗಿಲ್ಲ. ದಡ್ಯಾಗ ಇಲ್ಲದ್ದನ್ನ ಬರದಾಕಿ ನಾ.

ರಿಸಲ್ಟ್ ಬಂತು, ಪಾಸಾಗಿದ್ನಿ. ಆ ಪೇಪರಿನ್ಯಾಗ ಕ್ಲಾಸಿಗೇ ಹೆಚ್ಚು. ಓಡಿಕೋತ ಬಂದು ಮಗ್ಗದ ಮುಂದ ಮಾರ್ಕ್ಸ್ ಕಾರ್ಡ್ ಹಿಡದ್ನಿ. ಅಪ್ಪ ಸ್ವಿಚ್ ಬಂದ್ ಮಾಡಿದ. ಕರೆಂಟ್ ಇದ್ದಾಗ ಹಗಲಿನ್ಯಾಗ ನಮ್ಮ ಮಗ್ಗ ನಿಂತದ್ದು ನಾ ಅವತ್ತ ಮೊದಲ ನೋಡಿದ್ದು. ಅವ್ವ ಓಡಿ ಬಂದು ನನ್ನ ಗಲ್ಲ ಹಿಡದು ಮುದ್ದಿಟ್ಲು, "ಬನಹಟ್ಟಿಯವ್ರಿಗೆ ಬ್ಯಾರೆ ಕೈ ಹುಡಕ್ರಿ ಅಂತ ಹೇಳತೇನಿ" ಅಂದ್ಲು. ನನಗ ಅಳು ಬಂತು, ಅತ್ತನೂ ಅತ್ನಿ.

ಆಮ್ಯಾಲ ನೆನಪಾಗಿ ಕೇಳಿದ್ನಿ. "ಅಪ್ಪಾ, ಕರಿ ಯಾಕ ತಗದಿ?"

"ಕೆಂಪಿನ ಬಾಜೂ ಕರಿ ಎಳಿ ಇದ್ರ ಮದವಿಗೆ ಯಾರ್ ತಗೋತಾರಬೇ? ಏನಿತ್ತು ಆ ಕರಿ?"

ಹೇಳಿದ್ನಿ. ಹದಿನೆಂಟು ವರ್ಷ ನಾಟಕ ಬಂದ್ ಅಂತ. ಅಪ್ಪ ಬೆರಳ ಮಡಚಿ ಏನೋ ಎಣಸಿದ. "ನಂದು ಇಪ್ಪತ್ತೆರಡಾತು" ಅಂದ. "ಅಲ್ಲಿ ಮತ್ತ ಚಾಲೂ ಆತೇನು?"

"ಆತು. ಆದ್ರ ರಾಣಿ ಪಾರ್ಟ್ ಆಮ್ಯಾಲ ಹೆಂಗಸ್ರ ಮಾಡಾಕತ್ರು."

"ಮೊದಲ ಮಾಡತಿದ್ದ ಗಂಡಸ್ರು ಏನಾದ್ರು?"

"ನಮ್ಮ ಪುಸ್ತಕದಾಗ ಅದನ್ನ ಬರದಿಲ್ಲ ಅಪ್ಪಾ."

"ಎಲ್ಲೆರೆ ಮಗ್ಗ ಹಾಕ್ಕೊಂಡಿರಬೇಕು" ಅಂದು ಅಪ್ಪ ಸ್ವಿಚ್ ಒತ್ತಿದ.

ಖಟಾಖಟ ಚಾಲೂ ಆತು. ಅಪ್ಪ ನಕ್ಕೋತ ಅಂದಿದ್ದ, ಆದ್ರ ನನ್ನ ಎದಿಗೆ ಬಡೀತು. ಅವತ್ತ ಸಂಜಿಮುಂದ ನಾ ಅಟ್ಟಾ ಹತ್ತಿದ್ನಿ. ಕಂಡಿಕಿ ಎಲ್ಲಾ ಬುಟ್ಟಿಗೆ ಸುರುವಿ, ಕಿರೀಟದ ಧೂಳಾ ಒರಸಿ, ತಂದು ಮಗ್ಗದ ಬಾಜೂ ಆ ಮೊಳಿಗೆ ತೂಗಹಾಕಿದ್ನಿ. ಅಪ್ಪ ನೋಡಿದ. ಯಾರು ಹಾಕಿದ್ರು ಅಂತ ಕೇಳ್ಲಿಲ್ಲ.

ಮೂರನೇ ದಿನ ಅಪ್ಪ ಹೊರಗ ಹೋಗಿ ಬಂದ, ಮೀಸಿ ಇಲ್ಲ! ಅವ್ವ ಕೈಯಾಗಿನ ಹಿಟ್ಟು ಹಂಗ ಬಿಟ್ಟು ಎದಿ ಎದಿ ಬಡಕೊಂಡ್ಲು. "ಅಯ್ಯ ನನ್ನ ಶಿವನ, ಯಾರು ಸತ್ರರೀ?"

"ಯಾರೂ ಸತ್ತಿಲ್ಲ" ಅಂದ ಅಪ್ಪ, ಕುತಗಿ ಇಷ್ಟ ಎತ್ತಿ. "ಮೊಳಿ ನೋಡು. ಆರ್ಡರ್ ಬಂದೈತಿ."