ಗೇಟಿನ ಬಣ್ಣದ ಬಂದೂಕು

ಮನೆಯಲ್ಲಿರುವ ಆಯುಧದ ಸ್ವಭಾವವನ್ನು ಅರಿಯದೆ ಬದುಕುವ ಕುಟುಂಬಕ್ಕೆ ವಿನಾಶ ಕಟ್ಟಿಟ್ಟ ಬುತ್ತಿ. ನಮ್ಮ ಕುಟುಂಬ ಮೂರು ತಲೆಮಾರು ಹಾಗೆಯೇ ಬದುಕಿತು. ಹೋದವರೆಲ್ಲ ವಯಸ್ಸಾದ ಮೇಲೆ, ಬಹುಪಾಲು ಸಕ್ಕರೆ ಕಾಯಿಲೆಯಿಂದ ಹೋದರು.

ಆಯುಧವೆಂದರೆ ಕುಂದಾಣದ ಕಡೆಯ ನಮ್ಮ ಊರಿನ ಮನೆಯಲ್ಲಿದ್ದ ತಾತನ ಬಂದೂಕು. ರಾಗಿ ಹೊಲಕ್ಕೆ ಕಾಡುಹಂದಿ ನುಗ್ಗುತ್ತಿದ್ದ ಕಾಲದಲ್ಲಿ ಬೆಳೆ ಕಾಯಲೆಂದು ತಾತ ಲೈಸೆನ್ಸು ಮಾಡಿಸಿ ತಂದದ್ದು. ತಾತನಿಂದ ದೊಡ್ಡಪ್ಪನಿಗೆ, ದೊಡ್ಡಪ್ಪನಿಂದ ಅವರ ಮಗನಿಗೆ, ಅಂದರೆ ನನ್ನ ಅಣ್ಣನಿಗೆ, ಲೈಸೆನ್ಸಿನ ಸಮೇತ ಬಂದಿತ್ತು. ಕಾಲಾಂತರದಲ್ಲಿ ಹಂದಿಗಳು ಹೋಗಿ ಲೇಔಟುಗಳು ಬಂದವು. ಲೇಔಟುಗಳಿಗೆ ಗುಂಡು ಹಾರಿಸಲು ಲೈಸೆನ್ಸಿನಲ್ಲಿ ಅವಕಾಶವಿಲ್ಲದ್ದರಿಂದ ಬಂದೂಕಿಗೆ ಕೆಲಸ ತಪ್ಪಿತು. ಅದಕ್ಕೆ ಉಳಿದದ್ದು ವರ್ಷಕ್ಕೊಂದು ದಿನದ ಗೌರವ, ಆಯುಧಪೂಜೆಯದು.

ಆ ಗೌರವವೇ ಮುಳುವಾಯಿತು. ತಾತನದೊಂದು ಪದ್ಧತಿಯಿತ್ತು. ಹಬ್ಬಕ್ಕೆ ಮುಂಚೆ ಹಸಿರು ಪೇಂಟಿನ ಡಬ್ಬ ತಂದು ನೇಗಿಲು, ಗಾಡಿ, ಅಂಗಳದ ಗೇಟು ಎಲ್ಲಕ್ಕೂ ಬಳಿಯುವುದು. ತಳದಲ್ಲಿ ಉಳಿದದ್ದು ಒಣಗಿ ದಂಡವಾಗಬಾರದೆಂದು ಬಂದೂಕಿಗೂ ಬಳಿಯುವುದು. ದೊಡ್ಡಪ್ಪ ಈ ಪದ್ಧತಿ ಬಿಡಲಿಲ್ಲ, ಅಣ್ಣನೂ ಬಿಡಲಿಲ್ಲ. ಪೇಂಟಿನ ಮೇಲೆ ವಿಭೂತಿ, ವಿಭೂತಿಯ ಮೇಲೆ ಕುಂಕುಮ. ಮೇಲೊಂದು ಉದ್ದದ್ದು, ಕೆಳಗೊಂದು ಗಿಡ್ಡದ್ದು ಎಂದು ಅದಕ್ಕೆ ಎರಡು ಕೊಳವೆಗಳಿದ್ದವು. ಎರಡರ ಮೂತಿಗೂ ದೊಡ್ಡಮ್ಮ ಅರಿಶಿನದ ಮುದ್ದೆ ಮೆತ್ತಿ ಸೇವಂತಿಗೆ ಸಿಕ್ಕಿಸುತ್ತಿದ್ದರು. ಉದ್ದ ನಳಿಗೆ ಹಂದಿಗೆ, ಗಿಡ್ಡ ನಳಿಗೆ ಹಕ್ಕಿಗೆ ಎಂಬುದು ಮನೆಯವರ ಖಚಿತ ತಿಳಿವಳಿಕೆ. ಆ ಬಂದೂಕು ಒಮ್ಮೆಯೂ ಹಾರಿದ್ದನ್ನು ಕಂಡವರಿಲ್ಲ. ತಾತ ಒಂದು ಸಲ ಹಂದಿಗೆ ಗುರಿಯಿಟ್ಟರಂತೆ, ಅದರ ಹಿಂದೆ ಮರಿಗಳನ್ನು ಕಂಡು ಕರುಣೆಯಿಂದ ಇಳಿಸಿಬಿಟ್ಟರಂತೆ. ಈ ಕಥೆಯನ್ನು ನಮಗೆಲ್ಲ ಅನ್ನದ ಜೊತೆ ಕಲಸಿ ತಿನ್ನಿಸಿದ್ದರು.

ಚುನಾವಣೆ ಬಂದಾಗ ಲೈಸೆನ್ಸುದಾರರು ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಬೇಕು. ಹಿಂದೆಲ್ಲ ಅಣ್ಣ ಅದನ್ನು ಪೂಜೆಯ ಬಟ್ಟೆಯಲ್ಲೇ ಸುತ್ತಿ ಒಯ್ಯುತ್ತಿದ್ದ. ಕುಂಕುಮ ಮೆತ್ತಿದ ಗಂಟನ್ನು ಬಿಚ್ಚುವ ಧೈರ್ಯ ಯಾವ ಪೊಲೀಸಿಗೂ ಬಂದಿರಲಿಲ್ಲ. ಈ ಸಲ ಹೊಸದಾಗಿ ಬಂದ ಎಸ್‌ಐ ಬಿಚ್ಚಿದರು. ಲೈಸೆನ್ಸಿನಲ್ಲಿ ಒಂಟಿ ನಳಿಗೆ ಎಂದಿತ್ತು. ಎದುರಿಗೆ ಎರಡಿದ್ದವು. ಲೈಸೆನ್ಸಿನಲ್ಲಿ ಒಂದು ನಂಬರಿತ್ತು. ಬಂದೂಕಿನ ಮೇಲೆ ಹಸಿರು ಬಣ್ಣವಿತ್ತು.

"ಏನ್ ಯಜಮಾನ್ರೇ, ಒಂಟಿಗೆ ಲೈಸೆನ್ಸ್ ಇಟ್ಕೊಂಡು ಜೋಡಿ ಸಾಕ್ತಾ ಇದೀರಾ?" ಎಂದರಂತೆ ಎಸ್‌ಐ. ಜಮಾ ಮಾಡಲು ಶನಿವಾರ ಸಂಜೆಯವರೆಗೆ ಗಡುವು. ಅಷ್ಟರಲ್ಲಿ ಇದು ಲೈಸೆನ್ಸಿನ ಬಂದೂಕೇ ಎಂದು ತೋರಿಸದಿದ್ದರೆ ಬಂದೂಕು ಜಪ್ತಿ, ಅಣ್ಣನ ಮೇಲೆ ಕೇಸು ಎಂದು ಹೇಳಿ ಬಂದೂಕಿನ ಸಮೇತ ವಾಪಸ್ಸು ಕಳಿಸಿದರು.

ಶುಕ್ರವಾರ ಬೆಳಿಗ್ಗೆ ನನಗೆ ಬುಲಾವು ಬಂತು. ನಾನು ಪಿಲ್ಲಗುಂಪೆಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಬಿಡಿಭಾಗಗಳನ್ನು ಕಾಯ್ದು ನಿವೃತ್ತನಾದವನು. ಆದ್ದರಿಂದ ಜಗತ್ತಿನ ಕಬ್ಬಿಣವೆಲ್ಲ ನನಗೆ ಪರಿಚಯ ಎಂದು ಬಂಧುಬಳಗ ನಂಬಿದೆ. ಆ ನಂಬಿಕೆಗೆ ನಾನಾಗಿಯೇ ಎಂದೂ ಧಕ್ಕೆ ತಂದವನಲ್ಲ. ಹೊಸಕೋಟೆಯಿಂದ ಹೋಗಿ, ಕನ್ನಡಕ ಒರೆಸಿಕೊಂಡು, ಬಂದೂಕನ್ನು ಎಲ್ಲ ದಿಕ್ಕಿನಿಂದಲೂ ನೋಡಿ, ಇದು ಇಂಗ್ಲೆಂಡಿನದು, ಯುದ್ಧದಲ್ಲಿ ಬಳಸಿದ್ದು, ಕೆಳಗಿನ ಕೊಳವೆ ನಳಿಗೆ ತಿಕ್ಕುವ ಸಲಾಕೆ ಇಡುವುದಕ್ಕೆ ಎಂದು ತೀರ್ಪಿತ್ತೆ. ಸಲಾಕೆ ಎಲ್ಲಿ ಎಂದು ಅಣ್ಣ ಕೇಳಿದ. ಯುದ್ಧದಲ್ಲಿ ಕಳೆದಿರಬೇಕು ಎಂದೆ. ಆಧಾರಕ್ಕಿರಲಿ ಎಂದು ಫೋನಿನಲ್ಲಿ ಫೋಟೋ ತೆಗೆದು, ಇದೇನೆಂದು ಫೋನನ್ನೇ ಹುಡುಕಲು ಬಿಟ್ಟೆ. ಅದು ಎರಡು ಕ್ಷಣ ಯೋಚಿಸಿ, ಕಬ್ಬಿಣದ ಗೇಟಿಗೆ ಹಾಕುವ ಚಿಲಕಗಳನ್ನು ಸಾಲಾಗಿ ತೋರಿಸಿತು.

ಅಣ್ಣ ಇಣುಕಿ ನೋಡಿದ. "ನಿನ್ಗಿಂತ ಫೋನೇ ವಾಸಿ ಕಣ್ಲಾ. ಪೇಂಟ್ ಗೇಟಿಂದು ಅಂತ ಅದಕ್ಕಾದ್ರೂ ಗೊತ್ತಾಯ್ತು."

ಹಾಗಾಗಿ ಪೇಂಟು ತೆಗೆಯುವುದೆಂದು ತೀರ್ಮಾನವಾಯಿತು. ಆಗ ದೊಡ್ಡಮ್ಮ ಅಡ್ಡ ಬಂದರು. ಶುಕ್ರವಾರ ಕುಂಕುಮ ಒರೆಸುವುದುಂಟೇ? ನಾಳೆ ಗಡುವು ಎಂದು ಅಣ್ಣ ಗೋಗರೆದ. ಮಗನ ಮೇಲೆ ಕೇಸು ಒಂದು ಕಡೆ, ಶುಕ್ರವಾರ ಇನ್ನೊಂದು ಕಡೆ. ಧರ್ಮಸಂಕಟದಲ್ಲಿ ದೊಡ್ಡಮ್ಮ ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂತಿದ್ದು, ಕೊನೆಗೆ ಎದ್ದು ಹೋಗಿ ಅಂಗಳದ ಗೇಟಿಗೆ ಕುಂಕುಮ ಇಟ್ಟು, ಹೂ ಮುಡಿಸಿ, ಕೈ ಮುಗಿದು ಬಂದರು.

"ಎರಡೂ ಒಂದೇ ಡಬ್ಬದ್ದಲ್ವಾ. ಅಮ್ನೋರು ಈಗ ಗೇಟಲ್ಲವ್ರೆ. ಇದನ್ನ ತಿಕ್ಕಬೋದು."

ಶಾಸ್ತ್ರ ಬಲ್ಲವರು ಇದಕ್ಕಿಂತ ಅಚ್ಚುಕಟ್ಟಾದ ಪರಿಹಾರ ಕೊಡುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಅಣ್ಣ ಪೇಂಟ್ ಅಂಗಡಿಯಿಂದ ತಿನ್ನರ್ ತಂದ. ತಿಕ್ಕುವ ಕೆಲಸವನ್ನು ದೊಡ್ಡಮ್ಮ ಯಾರಿಗೂ ಬಿಡಲಿಲ್ಲ. ತೆಂಗಿನ ನಾರು ಹಿಡಿದು, ಹಬ್ಬದ ಹಂಡೆ ಬೆಳಗುವ ಹಾಗೆ ಬೆಳಗಿದರು. ಹಸಿರು ಹೋಗಿ ಇನ್ನೊಂದು ಹಸಿರು ಬಂತು, ಅದರಡಿ ಮತ್ತೊಂದು. ಬರಗಾಲದ ವರ್ಷ ತಾತ ಅಗ್ಗದ ಪೇಂಟು ತಂದಿದ್ದೂ ಪತ್ತೆಯಾಯಿತು. ಅರಿಶಿನ ಕಿತ್ತಾಗ ಕೆಳಗಿನ ಕೊಳವೆಗೆ ಬಾಯಿಯೇ ಇರಲಿಲ್ಲ. ತಿರುಪಿನ ಮುಚ್ಚಳ ಹಾಕಿ ಭದ್ರವಾಗಿ ಮುಚ್ಚಿತ್ತು. ಅಷ್ಟು ವರ್ಷ ಹೂ ಮುಡಿಸಿಕೊಂಡದ್ದು ಆ ಮುಚ್ಚಳ. ಬಾಯಿಲ್ಲದ್ದು ನಳಿಗೆಯಾಗಲು ಸಾಧ್ಯವಿಲ್ಲ ಎಂದು ನಾನು ಗಂಭೀರವಾಗಿ ಘೋಷಿಸುತ್ತಿದ್ದಂತೆ, ದೊಡ್ಡಮ್ಮ ಆ ಕೊಳವೆಯ ಮೇಲಿದ್ದ ಮರದ ಹಿಡಿಯನ್ನು ನಾರಿನಿಂದ ಬಲವಾಗಿ ಹಿಂದಕ್ಕೆಳೆದು ತಿಕ್ಕಿದರು. ಪೇಂಟಿನಿಂದ ಅಂಟಿಕೊಂಡಿದ್ದ ಹಿಡಿ ಖಟಕ್ಕನೆ ಹಿಂದಕ್ಕೆ ಜಾರಿತು. ಪಕ್ಕದ ಕಿಂಡಿ ತೆರೆದು, ಮಾಸಿದ ಕೆಂಪು ತೋಟಾ ಒಂದು ಹಾರಿ ಅವರ ಮಡಿಲಿಗೆ ಬಿತ್ತು.

ಪ್ರತಿ ಆಯುಧಪೂಜೆಯಲ್ಲೂ ಅದರ ಮೂತಿಯ ಮುಂದೆ ಸಾಲಾಗಿ ನಿಂತು ಮಂಗಳಾರತಿ ತೆಗೆದುಕೊಂಡವರು ನಾವು. ಈಗಲೂ ಆ ಮೂತಿ ನನ್ನ ಕಡೆಗೇ ಇತ್ತು. ಅದನ್ನು ಬೇರೆ ಯಾರೂ ಗಮನಿಸಿದಂತೆ ಕಾಣಲಿಲ್ಲ.

ಅಣ್ಣ ತೋಟಾವನ್ನು ಎರಡು ಬೆರಳಲ್ಲಿ ಎತ್ತಿ ಹಿತ್ತಾಳೆಯ ತಳ ನೋಡಿದ. ನಟ್ಟನಡುವೆ ಬಂದೂಕಿನ ಸೂಜಿ ಬಡಿದ ಗುಳಿಯಿತ್ತು, ಇನ್ನೊಂದು ತುದಿ ಮಾತ್ರ ಮುಚ್ಚಿದ ಹಾಗೇ ಇತ್ತು. ಅಂದರೆ ಬಂದೂಕಿನ ಕುದುರೆ ಎಳೆದಾಗಿತ್ತು, ತೋಟಾ ಸಿಡಿದಿರಲಿಲ್ಲ. ತಾತನ ಕರುಣೆಯ ಆಳ ನಮಗೆ ಆಗ ತಿಳಿಯಿತು.

"ಹೊಡೆದವ್ರೆ ಕಣಮ್ಮ. ಸಿಡಿದಿಲ್ಲ, ಅಷ್ಟೇ," ಎಂದ ಅಣ್ಣ.

"ಕರುಣೆ ಇರೋರು ಒತ್ತಿದ್ರೆ ಸಿಡಿಯಲ್ಲ ಸುಮ್ನಿರು," ಎಂದರು ದೊಡ್ಡಮ್ಮ. ಅಲ್ಲಿಗೆ ಆ ವಿಚಾರಣೆ ಮುಗಿಯಿತು.

ಮೂತಿಯನ್ನು ಆಕಾಶಕ್ಕೆ ಹಿಡಿದು ಹಿಡಿಯನ್ನು ಹಲವು ಸಲ ಹಿಂದೆ ಮುಂದೆ ಮಾಡಿ ನೋಡಿದೆವು. ಒಳಗೆ ಇನ್ನೇನೂ ಇರಲಿಲ್ಲ. ಮತ್ತೆ ಫೋಟೋ ತೆಗೆದೆ. ಬಣ್ಣ ಹೋಗಿದ್ದರಿಂದ ಫೋನು ಈ ಬಾರಿ ಬಂದೂಕುಗಳನ್ನೇ ತೋರಿಸಿತು. ಅಮೆರಿಕದಲ್ಲಿ ತಯಾರಾದ ಹಳೆಯ ಪಂಪ್ ಆಕ್ಷನ್ ಬಂದೂಕು. ಹಿಡಿಯನ್ನು ಹಿಂದಕ್ಕೆಳೆದರೆ ಹಳೆಯ ತೋಟಾ ಹೊರಕ್ಕೆ, ಮುಂದಕ್ಕೆ ನೂಕಿದರೆ ಹೊಸದು ಒಳಕ್ಕೆ. ಕೆಳಗಿನ ಕೊಳವೆ ಹೊಸ ತೋಟಾಗಳನ್ನು ಕೂಡಿಡುವ ಜಾಗ, ಅಂದರೆ ಉಗ್ರಾಣ. ಉಗ್ರಾಣದಲ್ಲೇ ಆಯುಷ್ಯ ಸವೆಸಿದ ನನಗೆ ಅದರ ಗುರುತು ಸಿಗಲಿಲ್ಲವೆಂಬುದನ್ನು ಅಣ್ಣ ಊಟದ ಹೊತ್ತಿನಲ್ಲಿ, ಸಾರು ಬಡಿಸುವಾಗೊಮ್ಮೆ, ಮಜ್ಜಿಗೆ ಬಡಿಸುವಾಗೊಮ್ಮೆ ನೆನಪಿಸಿದ. ಇಂಗ್ಲೆಂಡು, ಯುದ್ಧ ಮತ್ತು ಸಲಾಕೆಯನ್ನು ನಾನು ಸದ್ದಿಲ್ಲದೆ ಹಿಂತೆಗೆದುಕೊಂಡೆ.

ಊಟವಾದ ಮೇಲೆ ದೊಡ್ಡಮ್ಮ ಬಂದೂಕಿನ ಹೊಟ್ಟೆಯ ಭಾಗವನ್ನು ಇನ್ನೊಮ್ಮೆ ತಿಕ್ಕಿದರು. ಅಲ್ಲಿ ಕೊರೆದ ಅಂಕಿಗಳು ಒಂದೊಂದಾಗಿ ಎದ್ದವು. ಅಣ್ಣ ಲೈಸೆನ್ಸು ಹಿಡಿದು ಓದಿದ, ನಾನು ಬಂದೂಕು ಹಿಡಿದು ಓದಿದೆ. ಇಬ್ಬರೂ ಒಂದೇ ಅಂಕಿಯಲ್ಲಿ ಮುಗಿಸಿದೆವು. ಅಣ್ಣ ಆ ದಿನ ಮೊದಲ ಬಾರಿಗೆ ಗೋಡೆಗೆ ಒರಗಿ ಕೂತ.

ಶನಿವಾರ ಮಧ್ಯಾಹ್ನ ಇಬ್ಬರೂ ಠಾಣೆಗೆ ಹೋದೆವು. ಎಸ್‌ಐ ನಂಬರು ತಾಳೆ ನೋಡಿದರು, ಮುಚ್ಚಳವನ್ನೂ ಹಿಡಿಯನ್ನೂ ನೋಡಿದರು, ಸಿಡಿಯದ ತೋಟಾವನ್ನು ಬೇರೆಯಾಗಿ ತೆಗೆದಿಟ್ಟರು. ಒಂಟಿ ನಳಿಗೆಯ ಬಂದೂಕು ಒಂದು ಎಂದು ಬರೆದು ಜಮಾ ಮಾಡಿಕೊಂಡು ಅಣ್ಣನಿಗೆ ರಸೀದಿ ಕೊಟ್ಟರು. ಕೇಸು ಆಗಲಿಲ್ಲ.