ಮುಟ್ಟದೆ ಗೆದ್ದ ಸೈನ್ಯ

೧೯೯೩ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ ನಾನು ಓದು ಬಿಟ್ಟೆ. ಅದಕ್ಕೆಂದು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಲೇತ್ ಮುಂದೆ ನಿಂತು ಬದುಕು ಕಟ್ಟಿಕೊಂಡೆ. ಆದರೆ ಮೊನ್ನೆ ಆಯುಧಪೂಜೆಗೆ ವರ್ಕ್‌ಶಾಪಿನ ಡ್ರಾಯರ್ ಒರೆಸುವಾಗ, ಗ್ರೀಸಿನ ವಾಸನೆ ಹಿಡಿದ ಬಟ್ಟೆಯೊಳಗಿಂದ ತವರದ ಪುಟ್ಟ ಬಂಡಿಯೊಂದು ಸಿಕ್ಕಿ, ಹಾಗೇ ಕೂತುಬಿಟ್ಟೆ. ನಾಲ್ಕು ಕತ್ತೆ ಎಳೆಯುವ ಬಂಡಿ. ಚಕ್ರಕ್ಕೆ ಅರಗಳಿಲ್ಲ, ಬರೀ ಹಲಗೆ…

ಅದು ಮೇಲ್ಮನೆ ಸಾರ್ ಅವರದು. ಪಟ್ಟಂದೂರು ಅಗ್ರಹಾರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಧಾರವಾಡದ ಕಡೆಯವರು; ಹಣೆಗೆ ವಿಭೂತಿ, ಕೊರಳಿಗೆ ಪಕ್ಕದ ಐಟಿ ಪಾರ್ಕಿನ ಟ್ಯಾಗು. ಅವರ ಊಟದ ಮೇಜಿನ ಮೇಲೆ ಅರ್ಧ ಬೆರಳೆತ್ತರದ ತವರದ ಗೊಂಬೆಗಳ ಎರಡು ಸೈನ್ಯಗಳಿದ್ದವು. ಸುಮೇರ್ ಅಂತ ದೇಶವಂತೆ, ಈಗಿನ ಇರಾಕಿನ ಕಡೆ, ಸಾವಿರಾರು ವರ್ಷದ ಹಿಂದೆ. ಎರಡು ಊರಿಗೆ ಕಾಲುವೆ ನೀರಿನ ಜಗಳ. "ನಮ್ಮ ಕಾವೇರಿ ಗಲಾಟೆ ಆಗ್ಲೂ ಇತ್ತಾ ಸಾರ್?" ಎಂದಿದ್ದೆ. ಈ ಯುದ್ಧದಾಟಕ್ಕೆ ಅವರಿಗೆ ಎದುರಾಳಿ ಬೇಕಿತ್ತು. ನೀಲಿ ಗುರಾಣಿಯ ಊರಿನ ಸೈನ್ಯವನ್ನು ನನಗೆ ಕೊಟ್ಟು, ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ ಎಂದರು.

ಟೇಪಿನಲ್ಲಿ ಅಳೆದು ಸೈನಿಕರನ್ನು ನಡೆಸಬೇಕು, ಹೊಡೆದಾಟಕ್ಕೆ ದಾಳ ಉರುಳಿಸಬೇಕು. ನಿಂತ ಭರ್ಜಿಯ ಸಾಲಿಗೆ ಬಂಡಿ ನುಗ್ಗಿಸಬಾರದು, ಮುರಿಯುತ್ತದೆ. ಮೊದಲ ದಿನವೇ ಹೇಳಿಕೊಟ್ಟಿದ್ದರು. ಪ್ರತಿ ಭಾನುವಾರ ನಾನು ಮುನ್ನುಗ್ಗುತ್ತಿದ್ದೆ, ಸೋಲುತ್ತಿದ್ದೆ.

"ಮಾಲಕರ, ನಿಮಗ ನಿಲ್ಲೂದ ಗೊತ್ತಿಲ್ಲ ನೋಡ್ರಿ."

ನನ್ನ ಹೆಂಡತಿ ಕೆಳಗಿನಿಂದ ಕೂಗುತ್ತಿದ್ದಳು: "ಹೆಂಗಸ್ರು ವರ್ಷಕ್ಕೊಂದ್ಸಲ ಗೊಂಬೆ ಕೂರಿಸ್ತಾರೆ, ನಿಮ್ದು ವಾರಕ್ಕೊಂದ್ಸಲ ಕಣ್ರೀ!"

ಸಾರ್‌ಗೆ ಪುಣೆಗೆ ವರ್ಗವಾಯಿತು. ಹೋಗುವುದರೊಳಗೆ ಒಂದೇ ಒಂದು ಸಲ ಗೆಲ್ಲಬೇಕು ಎಂದು ಹಟ ಹಿಡಿದೆ. ಕೊನೆಯ ಆಟ ಆಯುಧಪೂಜೆಯ ರಜೆಯ ದಿನ. ಮರುದಿನ ಬೆಳಿಗ್ಗೆ ಸಾಮಾನಿನ ಟೆಂಪೋ. ಆದರೆ ಆಟದ ದಿನ ಬೆಳಿಗ್ಗೆಯೇ ಮನೆಯಲ್ಲಿ ಸ್ಪ್ಯಾನರ್, ಸುತ್ತಿಗೆಗಳ ಜೊತೆ ನೀಲಿ ಸೈನ್ಯವನ್ನೂ ಸಾಲಾಗಿ ನಿಲ್ಲಿಸಿ ಕುಂಕುಮ ಇಟ್ಟುಬಿಟ್ಟಿದ್ದೆ. ಭರ್ಜಿ ಆಯುಧವಲ್ಲವೇ! ಪೂಜೆಯಾದ ಆಯುಧವನ್ನು ಆ ದಿನ ನಾವು ಮುಟ್ಟುವುದಿಲ್ಲ. ಅದು ಹೊಳೆದದ್ದು ಆಮೇಲೆ.

ಸಾರ್ ಕೆಳಗಿಳಿದು ಬಂದು ನೋಡಿದರು. ಕೋಪವೋ ನಗುವೋ, ತಿಳಿಯಲಿಲ್ಲ. ತಮ್ಮ ಸೈನ್ಯವನ್ನು ತಂದು ನನ್ನವರ ಎದುರು ನೆಲದ ಮೇಲೆ ಜೋಡಿಸಿದರು.

"ಮುಟ್ಟಬ್ಯಾಡ್ರಿ. ನಾನ ಬರ್ತೀನಿ ನಿಮ್ಮ ಕಡೆ. ದಾಳಕ್ಕ ಕುಂಕುಮ ಹಚ್ಚೀರೇನು?"

"ಇಲ್ಲ ಸಾರ್."

"ಹಂಗಾರ ಅದು ಆಯುಧ ಅಲ್ಲ. ಉರುಳಿಸ್ರಿ."

ನನ್ನ ಕಡೆ ಸತ್ತವನನ್ನೂ ಎತ್ತುವಂತಿಲ್ಲವಲ್ಲ, ಅವನ ಮುಂದೆ ಒಂದು ಕಡ್ಲೆಪುರಿ ಇಡುತ್ತಾ ಹೋದೆವು. ಕೊನೆಗೆ ಸಾರ್ ತಮ್ಮ ಬಂಡಿಗಳನ್ನೆಲ್ಲ ನೇರ ನನ್ನ ಭರ್ಜಿಗಳ ಮೇಲೇ ನುಗ್ಗಿಸಿದರು. ಒಂದೂ ಉಳಿಯಲಿಲ್ಲ. ನಾನು ಗೆದ್ದಿದ್ದೆ, ಒಬ್ಬ ಸೈನಿಕನನ್ನೂ ಮುಟ್ಟದೆ.

"ಬೇಕಂತ ಸೋತ್ರಾ ಸಾರ್?" ಓದದವನೆಂದು ಕನಿಕರಪಟ್ಟರೇನೋ ಎಂಬ ಸಂಕಟ.

ಅವರು ಸತ್ತವರ ಮುಂದಿನ ಪುರಿ ಆಯ್ದು ಬಾಯಿಗೆ ಹಾಕಿಕೊಂಡರು. "ದಾಳ ನನ್ನ ಮಾತು ಕೇಳ್ತಾವೇನ್ರಿ? ಇವತ್ತ ನಿಂತ್ರಿ, ಗೆದ್ರಿ."

ಮರುದಿನ ಎರಡೂ ಸೈನ್ಯಗಳು ಟೆಂಪೋ ಹತ್ತಿದವು. ಒಂದು ಬಂಡಿಯನ್ನು ಮಾತ್ರ ನನ್ನ ಕೈಯಲ್ಲಿಟ್ಟು ಹೋದರು. ದಾಳ ಕೇಳದಿರಬಹುದು, ಬಂಡಿ ನುಗ್ಗಿಸಿದ ಕೈ ಅವರದೇ ಅಲ್ಲವೇ? ಅಥವಾ ನಿಲ್ಲುವುದೇ ನಿಜವಾದ ಆಟವಾಗಿತ್ತೇ… ಮುಂದೊಂದು ದಿನ ಫೋನಿನಲ್ಲಿ ಕೇಳೋಣ ಎಂದುಕೊಂಡೇ ವರ್ಷಗಳಾದವು. ಹೋದ ವರ್ಷ ಅವರ ಆಫೀಸಿನ ಹಳಬರೊಬ್ಬರು ಸಿಕ್ಕಿ, ಸಾರ್ ತೀರಿಕೊಂಡರೆಂದು ಹೇಳಿದರು. ಕೇಳಲು ಈಗ ಯಾರೂ ಇಲ್ಲ.

ಈ ಸಲ ಬಂಡಿಗೂ ಕುಂಕುಮ ಇಟ್ಟೆ. ಈಗ ನನ್ನ ಹತ್ತಿರ ಇರುವುದು ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಮೂರು ಬಾಡಿಗೆ ಮನೆ, ಒಂದು ಬಂಡಿ, ನಾಲ್ಕು ಕತ್ತೆ. ಗೆಲುವು ಒಂದೋ, ಸೊನ್ನೆಯೋ.